ಮೂರು ತೆಂಗಿನಮರದ ಎತ್ತರ

ಜನವರಿ 18, 2026, ಭಾನುವಾರ
ಬೆಂಗಳೂರು

ಆರಕ್ಕೇ ಎದ್ದು, ನೀರಿನ ರಾಕೆಟ್ ಹಾರಿಸಲು ಕನಕಪುರ ರಸ್ತೆಯಾಚೆ, ಗೆಳೆಯನಿಗೆ ಪರಿಚಯದ ಯಜಮಾನರೊಬ್ಬರ ಹೊಲಕ್ಕೆ ಹೋದೆವು. ನಮ್ಮ ಯಲಹಂಕದ ಕಡೆ ರಾಕೆಟ್ಟಿನ ಮಾತೇ ಬೇಡ. ಒಂದು ಕಡೆ ವಾಯುನೆಲೆ, ಇನ್ನೊಂದು ಕಡೆ ಜಕ್ಕೂರಿನ ಏರೋಡ್ರೋಮ್, ಅದರ ಮೇಲೆ ದೇವನಹಳ್ಳಿಯ ವಿಮಾನಗಳು. ಇಲ್ಲಿ ರಾಗಿ ಕೊಯ್ದ ಕೂಳೆ, ಒಂದು ಹಸು, ಅಷ್ಟೇ.

ರಾಕೆಟ್ ಅಂದರೆ ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ. ಮೂರನೇ ಒಂದು ಭಾಗ ನೀರು, ಸೈಕಲ್ ಪಂಪಿನಲ್ಲಿ 60 ಪಿಎಸ್‌ಐ ಒತ್ತಡದ ಗಾಳಿ. ಅಕ್ಕನ ಮಗಳು ರಾತ್ರಿಯೇ ಲೆಕ್ಕ ಹಾಕಿದ್ದಳು. ನೀರು ಚಿಮ್ಮಿ ಮುಗಿಯುವಾಗ ವೇಗ ಸೆಕೆಂಡಿಗೆ ಸುಮಾರು 45 ಮೀಟರ್. ಅದರ ವರ್ಗವನ್ನು 19.6ರಿಂದ (ಗುರುತ್ವದ 9.8ರ ಎರಡರಷ್ಟು) ಭಾಗಿಸಿದರೆ ಎತ್ತರ 103 ಮೀಟರ್. "ಗಾಳಿ ತಡೆಯೋದನ್ನೂ ಸೇರಿಸ್ಲಾ ಮಾಮಾ?" ಅಂದಳು. ಬೇಡ ಅಂದೆ. ಸೇರಿಸಿದರೆ ಉತ್ತರ ನಿಜಕ್ಕೆ ಹತ್ತಿರ ಬರುತ್ತದೆ, ಸರಿ. ಆದರೆ ಯಾರು ಎಲ್ಲಿರಬೇಕು ಅಂತ ತೀರ್ಮಾನಿಸಲು ಬೇಕಾದದ್ದು ಅದು ಏರುವ ಎತ್ತರವಲ್ಲ, ದಾಟಲಾರದ ಎತ್ತರ. 45 ಡಿಗ್ರಿ ಓರೆಯಾಗಿ ಹಾರಿದರೆ ಬೀಳುವ ದೂರ ಅದರ ಎರಡರಷ್ಟು, 200 ಮೀಟರ್ ಚಿಲ್ಲರೆ. ನಾವಾದರೆ ಕಣ್ಣಿಟ್ಟು ಓಡಬಹುದು, ಕಟ್ಟಿದ ಹಸು ಓಡೀತೇ? ಅಷ್ಟಾಚೆ ಕಟ್ಟಿಸಿದೆ. "ಬಾಟ್ಲಿಗೆ ಇಷ್ಟು ಭಯವಾ ಸಾ?" ಅಂತ ಯಜಮಾನರು ನಕ್ಕರು.

ಅಳೆಯಲು ಕಂಪಾಸ್ ಬಾಕ್ಸಿನ ಪ್ರೊಟ್ರಾಕ್ಟರ್. ಅದಕ್ಕೆ ಅಂಟಿಸಿದ ಜ್ಯೂಸ್ ಸ್ಟ್ರಾ, ನಡುವಿನ ತೂತಿಗೆ ದಾರ, ದಾರದ ತುದಿಗೆ ನಟ್ಟು. ಸ್ಟ್ರಾದೊಳಗಿಂದ ರಾಕೆಟ್ ನೋಡಿದರೆ, ತೂಗುವ ದಾರ ಅದು ಎಷ್ಟು ಡಿಗ್ರಿ ಮೇಲಿದೆ ಅಂತ ತೋರಿಸುತ್ತದೆ. ಮೊದಲ ಸಲ 15 ಮೀಟರ್ ದೂರದಲ್ಲಿ ನಿಂತು ಮೂರ್ಖರಾದೆವು. ನನಗೆ ಕಂಡದ್ದು 80 ಡಿಗ್ರಿ, ಅವಳಿಗೆ 75. ಐದೇ ಡಿಗ್ರಿ ವ್ಯತ್ಯಾಸ. ದೂರವನ್ನು ಆ ಕೋನದ ಟ್ಯಾನ್‌ನಿಂದ (ತ್ರಿಕೋನಮಿತಿಯ ಅನುಪಾತ) ಗುಣಿಸಿದರೆ ಎತ್ತರ ನನ್ನದು 85 ಮೀಟರ್, ಅವಳದು 56! ನೆತ್ತಿಯ ಹತ್ತಿರ, ಅಂದರೆ 90 ಡಿಗ್ರಿಯ ಕಡೆ, ಟ್ಯಾನ್ ಹುಚ್ಚು ಹಿಡಿದಂತೆ ಏರುತ್ತದೆ. ಎರಡನೆಯದಕ್ಕೆ 50 ಮೀಟರ್ ದೂರ ಹೋಗಿ ನಿಂತೆವು. ನನಗೆ 49, ಅವಳಿಗೆ 48. ಕಣ್ಣಿನ ಎತ್ತರ ಸೇರಿಸಿ 59, 57. ಹಾರಿ ಬೀಳಲು ಹಿಡಿದದ್ದು 7 ಸೆಕೆಂಡ್. ವರ್ಗ ಮಾಡಿ 1.23ರಿಂದ (9.8ರ ಎಂಟನೇ ಒಂದು ಭಾಗ) ಗುಣಿಸಿದರೆ ಎತ್ತರ 60. ತಾಳೆಯಾಯಿತು. ನಾವು ಮೊಬೈಲಿನಲ್ಲಿ ಟ್ಯಾನ್ ಹುಡುಕುವ ಮೊದಲೇ ಯಜಮಾನರು "ಮೂರು ತೆಂಗಿನಮರ" ಅಂದುಬಿಟ್ಟಿದ್ದರು.

ಮೂರನೆಯದಕ್ಕೆ ಸ್ಟ್ಯಾಂಡಿನ ಗೂಟ ಸಡಿಲವಾಗಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ದಾರ ಎಳೆದದ್ದೇ ತಡ, ಬಾಟಲಿ ಓರೆಯಾಗಿ ಚಿಮ್ಮಿ ಎಂಬತ್ತು ಹೆಜ್ಜೆ ಆಚೆ, ಬೆಳಿಗ್ಗೆ ಹಸು ಕಟ್ಟಿದ್ದ ಜಾಗದಲ್ಲೇ ಠಪ್ ಅಂತ ಬಿತ್ತು. ಅಲ್ಲಿ ಸಗಣಿ ಇನ್ನೂ ಹಸಿಯಾಗಿತ್ತು. ಯಜಮಾನರು ಏನೂ ಅನ್ನಲಿಲ್ಲ. ಹೋಗಿ ಹಸುವಿನ ಹಗ್ಗ ಬಿಚ್ಚಿ, ಮನೆ ಕಡೆ ಹೊಡೆದುಕೊಂಡು ಹೋದರು.