ಮೂವತ್ಮೂರಕ್ಕೆ ನರ್ಸಿಂಗ್: ಬಿ.ಕಾಂ. ಆದವಳು ಜಿಎನ್‌ಎಂ ಸೇರಿದ್ದು ಯಾಕೆ

ಇದ್ದ ಕೆಲಸ ಬಿಟ್ಟು ನರ್ಸಿಂಗ್ ಓದ್ತೀನಿ ಅಂದಾಗ ಹೆಚ್ಚಿನವರು ಕೇಳಿದ್ದು ‘ಯಾಕೆ’ ಅಂತ. ಅದಕ್ಕೆ ಉತ್ತರ ನನ್ನ ಹತ್ತಿರ ತಯಾರಿತ್ತು. ‘ಸರಿ ಅಕ್ಕಾ, ಯಾವ ಕೋರ್ಸು?’ ಅಂತ ಕೇಳಿದವನು ನನ್ನ ತಮ್ಮ ಒಬ್ಬನೇ. ತಿಂಗಳುಗಟ್ಟಲೆ ನಿದ್ದೆ ಕೆಡಿಸಿದ್ದೂ ಆ ಪ್ರಶ್ನೆಯೇ.

ನನ್ನ ಹಳೆಯ ಕೆಲಸ ಆರೋಗ್ಯ ವಿಮೆಯ ಕ್ಲೇಮುಗಳ ಬಿಲ್ಲು ತಾಳೆ ನೋಡುವುದು. ದಿನವಿಡೀ ಡಿಸ್ಚಾರ್ಜ್ ಸಮ್ಮರಿ, ಔಷಧಿ ಪಟ್ಟಿ, ನರ್ಸುಗಳು ತುಂಬಿದ ಚಾರ್ಟುಗಳು. ಕಾಯಿಲೆಯ ಕೋಡ್ ಐ21 ಅಂತ ಕಂಡರೆ ಹೃದಯಾಘಾತ, ಇ11 ಅಂದರೆ ಟೈಪ್ 2 ಮಧುಮೇಹ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಆದರೆ ಹೃದಯಾಘಾತ ಆದವರನ್ನು ಮಂಚದಿಂದ ಹೇಗೆ ಎಬ್ಬಿಸಿ ಕೂರಿಸಬೇಕು ಅಂತ ಗೊತ್ತಿರಲಿಲ್ಲ. ಚಾರ್ಟಿನಲ್ಲಿ ರಾತ್ರಿ ಎರಡು ಗಂಟೆಗೆ, ನಾಲ್ಕು ಗಂಟೆಗೆ ಯಾರೋ ಬಿಪಿ ನೋಡಿ ಸಹಿ ಹಾಕಿರುತ್ತಿದ್ದರಲ್ಲ, ಆ ಸಹಿ ಹಾಕುವವರ ಕಡೆ ಹೋಗಬೇಕು ಅನ್ನಿಸಿತು. ‘ಯಾಕೆ’ ಅನ್ನುವುದಕ್ಕೆ ಇಷ್ಟೇ ಉತ್ತರ. ಇದಕ್ಕಿಂತ ದೊಡ್ಡ ಕಥೆ ಏನಿಲ್ಲ.

ಇನ್ನು ಕೋರ್ಸಿನ ವಿಚಾರ. ಎರಡನೇ ವೃತ್ತಿಯಾಗಿ ನರ್ಸಿಂಗಿಗೆ ಬರುವವರು ಯಾವ ದೇಶದಲ್ಲಿದ್ದರೂ ಮೊದಲು ತಿಳಿದುಕೊಳ್ಳಬೇಕಾದದ್ದು ಒಂದೇ: ಕೈಯಲ್ಲಿರುವ ಹಳೆಯ ಡಿಗ್ರಿಗೆ ಅಲ್ಲಿ ಬೆಲೆ ಇದೆಯಾ? ಅಮೆರಿಕದಲ್ಲಿ ಇದೆ. ಬೇರೆ ಯಾವುದೋ ವಿಷಯದಲ್ಲಿ ಪದವಿ ಪಡೆದವರಿಗೆಂದೇ ಆಕ್ಸಲರೇಟೆಡ್ ಬಿಎಸ್‌ಎನ್ ಅಂತ ಬೇಗ ಮುಗಿಯುವ ನರ್ಸಿಂಗ್ ಪದವಿ ಇದೆ, ಸುಮಾರು ಒಂದರಿಂದ ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ. ಸೇರುವ ಮುಂಚೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಇಂಥವನ್ನು ಮುಗಿಸಿರಬೇಕು. ಆ ವಿಷಯಗಳು ಓದಿ ತುಂಬ ವರ್ಷ ಆಗಿದ್ದರೆ ಮತ್ತೆ ಓದಿ ಬನ್ನಿ ಅನ್ನುವ ಕಾಲೇಜುಗಳೂ ಇವೆ. ನೇರವಾಗಿ ಮಾಸ್ಟರ್ಸ್‌ಗೇ ಸೇರಿಸಿಕೊಳ್ಳುವ ಕಡೆಗಳೂ ಉಂಟು. ಬ್ರಿಟನ್ನಿನಲ್ಲಿ ಮೂರು ವರ್ಷದ ನರ್ಸಿಂಗ್ ಪದವಿಯನ್ನು, ಮೊದಲೇ ಪದವಿ ಇದ್ದವರು ಎರಡು ವರ್ಷದ ಸ್ನಾತಕೋತ್ತರ ಕೋರ್ಸಿನಲ್ಲಿ ಮುಗಿಸಬಹುದು.

ಹೀಗೆ ವರ್ಷ ಕಡಿಮೆ ಆದರೂ ಓದೇನೂ ಹಗುರ ಆಗುವುದಿಲ್ಲ. ಯುರೋಪಿಯನ್ ಒಕ್ಕೂಟದ ನಿಯಮ ನರ್ಸ್ ತರಬೇತಿಗೆ ಕನಿಷ್ಠ 4,600 ಗಂಟೆ ಬೇಕು ಅನ್ನುತ್ತದೆ, ಅದರಲ್ಲಿ ಅರ್ಧಕ್ಕೆ ಕಡಿಮೆಯಾಗದಂತೆ ರೋಗಿಗಳ ನಡುವೆ. ಆಕ್ಸಲರೇಟೆಡ್ ಕೋರ್ಸಿನಲ್ಲಿ ರಜೆ ಹೋಗುತ್ತದೆ, ಸಂಜೆ ಹೋಗುತ್ತದೆ, ಪಕ್ಕದಲ್ಲೊಂದು ಕೆಲಸ ಇಟ್ಟುಕೊಳ್ಳುವ ಆಸೆಯೂ ಹೋಗುತ್ತದೆ. ಹಾಗಾಗಿ ‘ಪೂರ್ತಿ ಆನ್‌ಲೈನ್, ಮನೆಯಲ್ಲೇ ಕೂತು ನರ್ಸ್ ಆಗಿ’ ಅನ್ನುವ ಜಾಹೀರಾತು ಎಲ್ಲಿ ಕಂಡರೂ ಆ ಪುಟ ಮುಚ್ಚಿಬಿಡಿ. ಥಿಯರಿಯನ್ನು ಆನ್‌ಲೈನಿನಲ್ಲಿ ಕೇಳಬಹುದು, ವಾರ್ಡ್ ಡ್ಯೂಟಿ ಆಗುವುದಿಲ್ಲ.

ಭಾರತದಲ್ಲಿ ಹಳೆಯ ಡಿಗ್ರಿಗೆ ಇಂಥ ರಿಯಾಯಿತಿ ಇಲ್ಲ. ಬಿ.ಕಾಂ. ಆಗಿರಲಿ, ಎಂ.ಬಿ.ಎ. ಆಗಿರಲಿ, ಅರ್ಜಿಯಲ್ಲಿ ಕೇಳುವುದು ಹನ್ನೆರಡನೇ ತರಗತಿಯ ಅಂಕಪಟ್ಟಿ. ಹದಿನೈದು ವರ್ಷದ ಹಿಂದಿನ ಪಿಯುಸಿ ಮಾರ್ಕ್ಸ್ ಕಾರ್ಡನ್ನು ಟ್ರಂಕಿನ ತಳದಿಂದ ತೆಗೆದು ಧೂಳು ಕೊಡವುವಾಗ ನಗು ಬಂತು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಜೊತೆಗೆ ಇಂಗ್ಲಿಷ್ ಇರಲೇಬೇಕು. ನನ್ನದು ಕಾಮರ್ಸ್. ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಡಿಪ್ಲೊಮಾಕ್ಕೆ ಸೈನ್ಸ್ ಓದಿದವರಿಗೆ ಆದ್ಯತೆ ಇದ್ದರೂ ಆರ್ಟ್ಸ್, ಕಾಮರ್ಸ್‌ನವರಿಗೂ ಅವಕಾಶ ಇದೆ, 40 ಪರ್ಸೆಂಟ್ ಅಂಕ ಇರಬೇಕು. ಇವೆರಡರ ಮೇಲೂ ಗಡಿಯಾರ ಟಿಕ್ ಟಿಕ್ ಅನ್ನುತ್ತಿರುತ್ತದೆ. ಸೇರುವಾಗ ವಯಸ್ಸು 35 ಮೀರಿರಬಾರದು.

ನನ್ನ ಮುಂದಿದ್ದದ್ದು ಎರಡು ದಾರಿ. ಒಂದು, ನ್ಯಾಷನಲ್ ಓಪನ್ ಸ್ಕೂಲ್ ಮೂಲಕ ಸೈನ್ಸ್ ವಿಷಯಗಳನ್ನು ತೆಗೆದುಕೊಂಡು ಮತ್ತೆ ಹನ್ನೆರಡನೇ ತರಗತಿ ಪಾಸಾಗಿ, ಆಮೇಲೆ ಬಿ.ಎಸ್ಸಿ. ಸೇರುವುದು. ನರ್ಸಿಂಗ್ ಓದಿಗೆ ನಿಯಮ ಮಾಡುವ ನರ್ಸಿಂಗ್ ಕೌನ್ಸಿಲ್ ಅದನ್ನು ಒಪ್ಪುತ್ತದೆ. ಇನ್ನೊಂದು, ಈಗಲೇ ಜಿಎನ್‌ಎಂ ಸೇರಿ, ನರ್ಸ್ ಎಂದು ನೋಂದಣಿ ಮಾಡಿಸಿಕೊಂಡು, ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಅದೇ ಪದವಿಗೆ ತಲುಪುವುದು.

ಮೇಲ್ನೋಟಕ್ಕೆ ಎರಡರದ್ದೂ ಐದೈದು ವರ್ಷ. ಆದರೆ ಆ ಐದರೊಳಗೆ ಸಂಬಳ ಯಾವಾಗ ಶುರುವಾಗುತ್ತದೆ ಅನ್ನುವುದರಲ್ಲಿ ಭಾರೀ ವ್ಯತ್ಯಾಸ. ಒಂದರಲ್ಲಿ ಐದನೇ ವರ್ಷ ಮುಗಿಯುವವರೆಗೂ ಕೈ ಖಾಲಿ. ಇನ್ನೊಂದರಲ್ಲಿ ಮೂರು ವರ್ಷಕ್ಕೆ ಲೈಸೆನ್ಸು ಕೈಯಲ್ಲಿ, ಬೇಕಾದಾಗ ಓದು ಮುಂದುವರಿಸಬಹುದು. ಮೊದಲ ದಾರಿಯಲ್ಲಿ ಹನ್ನೆರಡನೇ ತರಗತಿ ಒಂದೇ ಸಲಕ್ಕೆ ಪಾಸಾಗದೆ ವರ್ಷ ಜಾರಿದರೆ ವಯಸ್ಸಿನ ಗೆರೆ ಮೂಗಿನ ತುದಿಗೆ ಬಂದಿರುತ್ತದೆ. ಹದಿನೆಂಟರ ಹುಡುಗಿ ಕೇಳಿದರೆ ನಾನು ಕಣ್ಣುಮುಚ್ಚಿ ಬಿ.ಎಸ್ಸಿ. ಸೇರಮ್ಮ ಅನ್ನುತ್ತೇನೆ. ಮನೆ ಸಾಲ, ಮಗುವಿನ ಶಾಲೆ ಇಟ್ಟುಕೊಂಡವರ ಲೆಕ್ಕವೇ ಬೇರೆ.

ಡಿಪ್ಲೊಮಾ ಅಂದರೆ ಕಡಿಮೆ ಅನ್ನುವ ಮಾತು ನನಗೂ ಸಾಕಷ್ಟು ಕೇಳಿಸಿತು. ಅದರಲ್ಲಿ ನಿಜವೂ ಇದೆ ಅನ್ನುವುದನ್ನು ಮುಚ್ಚಿಡಬಾರದು. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು 2003ರಲ್ಲಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿದರು. ಪದವೀಧರ ನರ್ಸುಗಳ ಪಾಲು ಶೇ. 10ರಷ್ಟು ಹೆಚ್ಚಿದ್ದಲ್ಲಿ ಶಸ್ತ್ರಚಿಕಿತ್ಸೆ ಆದವರು ಮೂವತ್ತು ದಿನದೊಳಗೆ ಸಾಯುವ ಸಾಧ್ಯತೆ ಶೇ. 5ರಷ್ಟು ಕಡಿಮೆ ಇತ್ತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳಲ್ಲಿ ನೋಡಿದಾಗ ಈ ಅಂಕಿ ಶೇ. 7. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಒಬ್ಬ ನರ್ಸಿನ ತಲೆ ಮೇಲೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಾಧ್ಯತೆಯೂ ಶೇ. 7 ಏರುತ್ತದೆ. ಪದವಿಯ ಬಗ್ಗೆ ಭಾಷಣ ಮಾಡುವವರು ಇದನ್ನು ಮಾತ್ರ ಎತ್ತುವುದಿಲ್ಲ, ಯಾಕೋ!

ಇವು ಇಡೀ ಆಸ್ಪತ್ರೆಗಳ ಅಂಕಿ, ಒಬ್ಬೊಬ್ಬ ನರ್ಸಿನ ಯೋಗ್ಯತೆಯನ್ನು ಅಳೆದದ್ದಲ್ಲ. ಆದರೂ ಓದಿದ ಮೇಲೆ ನನಗೊಂದು ತೀರ್ಮಾನಕ್ಕೆ ಬರಲು ಸಹಾಯವಾಯಿತು. ಪೋಸ್ಟ್ ಬೇಸಿಕ್ ಎರಡು ವರ್ಷವನ್ನು ‘ಆದರೆ ನೋಡೋಣ’ ಅಂತ ಇಡಬಾರದು, ಈಗಲೇ ಯೋಜನೆಯೊಳಗೆ ಬರೆದುಕೊಳ್ಳಬೇಕು. ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ರಿಸರ್ಚ್ ಎಲ್ಲ ಸರಿಯಾಗಿ ಸಿಗುವುದು ಅಲ್ಲಿ.

ಸೇರುವ ಮುಂಚೆ ಪರಿಚಯದ ಹಿರಿಯ ನರ್ಸ್ ಒಬ್ಬರನ್ನು ಕಾಡಿ ಮಾತಾಡಿಸಿದ್ದೆ. ‘ಕೋರ್ಸಿನ ಹೆಸರು ಆಮೇಲೆ ನೋಡ್ಕೊಳ್ಳಮ್ಮ. ಆ ಸ್ಕೂಲಿನ ಮಕ್ಕಳು ಯಾವ ಆಸ್ಪತ್ರೆಗೆ ಡ್ಯೂಟಿಗೆ ಹೋಗ್ತಾರೆ, ಅಲ್ಲಿ ಹಾಸಿಗೆ ತುಂಬಿರ್ತವಾ, ಅದನ್ನ ಹೋಗಿ ನೋಡು’ ಅಂದರು. ಹೋದೆ. ಒಂದು ಕಡೆ ಗೋಡೆ ತುಂಬ ಫೋಟೊ, ಗಾಜಿನ ಲ್ಯಾಬು, ಎಸಿ ಹಾಲು. ವಾರ್ಡ್ ತೋರಿಸಿ ಅಂದರೆ ಮಾತು ತೇಲಿಸಿದರು. ಇನ್ನೊಂದು ಕಡೆ ಬೆಂಚು ಮುರಿದಿತ್ತು, ಆದರೆ ಮೆಡಿಕಲ್ ವಾರ್ಡಿನಲ್ಲಿ ಒಂದು ಮಂಚವೂ ಖಾಲಿ ಇರಲಿಲ್ಲ, ಪ್ರತಿ ಮಂಚದ ಹತ್ತಿರ ಸ್ಟೂಡೆಂಟ್ ಒಬ್ಬಳು ಏನಾದರೂ ಮಾಡುತ್ತಿದ್ದಳು. ನಾನು ಸೇರಿದ್ದು ಅಲ್ಲಿಗೆ. ಅದಕ್ಕೂ ಮೊದಲು ಸ್ಕೂಲಿನ ಹೆಸರು ಕೌನ್ಸಿಲ್ಲಿನ ಮಾನ್ಯತೆ ಪಟ್ಟಿಯಲ್ಲಿ ಆ ವರ್ಷಕ್ಕೆ ಇದೆಯಾ ಅಂತ ನೋಡಿದ್ದೆ. ನೀವೂ ಅವರು ಕೊಟ್ಟ ಜೆರಾಕ್ಸನ್ನು ನಂಬಿ ಕೂರಬೇಡಿ, ಪಟ್ಟಿಯಲ್ಲಿ ನೀವೇ ಹುಡುಕಿ.

ಸೈನ್ಸ್ ಓದದವಳಿಗೆ ಮೊದಲ ವರ್ಷದ ಅನಾಟಮಿ ಗೋಡೆ ಹತ್ತಿದ ಹಾಗೆ. ಮಗಳು ಮಗ್ಗಿ ಓದುವಾಗ ಪಕ್ಕದಲ್ಲಿ ಕೂತು ನಾನು ಮಣಿಕಟ್ಟಿನ ಎಂಟು ಮೂಳೆಗಳನ್ನು ಹೇಳಿಕೊಳ್ಳುತ್ತಿದ್ದೆ, ಸ್ಕ್ಯಾಫಾಯ್ಡ್, ಲೂನೇಟ್ ಅಂತ. ಲೆಕ್ಕ ಮಾತ್ರ ಕಾಮರ್ಸಿನ ಪುಣ್ಯ. ಒಂದು ಲೀಟರ್ ಸಲೈನು ಎಂಟು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಮಿಲಿಲೀಟರಿಗೆ ಇಪ್ಪತ್ತು ಹನಿ ಅಂದರೆ, ಇಪ್ಪತ್ತು ಸಾವಿರ ಹನಿಯನ್ನು 480 ನಿಮಿಷಕ್ಕೆ ಭಾಗಿಸಿ, ನಿಮಿಷಕ್ಕೆ 42 ಹನಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನೇ. ಆದರೆ ವಾರ್ಡಿನಲ್ಲಿ ಡ್ರಿಪ್ ಚೇಂಬರಿನ ಪಕ್ಕ ವಾಚು ಹಿಡಿದು ಎಣಿಸಿ, ರೋಲರ್ ತಿರುಗಿಸಿ 42ಕ್ಕೆ ತಂದು ಆಚೆ ಬಂದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹನಿ ಬೀಳುವುದೇ ನಿಂತಂತಿತ್ತು. ಅಜ್ಜ ಮೊಣಕೈ ಮಡಚಿ ಮಲಗಿದ್ದರು. ಕೈ ನೀಟಾಗಿ ಚಾಚಿಸಿ, ಕೆಳಗೆ ಮಡಚಿದ ಟವೆಲ್ ಕೊಟ್ಟರು ಸೀನಿಯರ್ ಸಿಸ್ಟರ್, ಹನಿ ಮತ್ತೆ ಓಡಿತು. ‘ಲೆಕ್ಕ ಸರಿಯಾಗಿತ್ತು ಕಣಮ್ಮ, ಕೈಯನ್ನ ನೋಡ್ಲಿಲ್ಲ ನೀನು’ ಅಂದರು.

ಹಳೆಯ ಕೆಲಸ ಅನಿರೀಕ್ಷಿತವಾಗಿ ನೆರವಿಗೆ ಬರುವುದು ಚಾರ್ಟ್ ಬರೆಯುವಾಗ. ಬರೆಯದಿದ್ದರೆ ಮಾಡಿಲ್ಲ ಎಂದೇ ಲೆಕ್ಕ ಅಂತ ನರ್ಸಿಂಗಿನಲ್ಲಿ ಮೊದಲ ದಿನದಿಂದ ಹೇಳಿಕೊಡುತ್ತಾರೆ. ಜೊತೆಯ ಹುಡುಗಿಯರಿಗೆ ಅದು ಟೀಚರ್ ಬೈಗುಳ. ನನಗೆ ಅದರ ಇನ್ನೊಂದು ತುದಿ ಗೊತ್ತು: ಸಮಯ ಬರೆಯದ ಒಂದು ಇಂಜೆಕ್ಷನ್ನಿಗೆ ‘ವಿವರಣೆ ಬೇಕು’ ಅಂತ ನಾನೇ ಎಷ್ಟು ಫೈಲು ವಾಪಸ್ ಕಳಿಸಿಲ್ಲ!

ದುಡ್ಡಿನ ವಿಷಯದಲ್ಲಿ ಹೇಳುವುದು ಸ್ವಲ್ಪವೇ ಇದೆ. ಫೀಸನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಬರದೇ ಹೋಗುವ ಸಂಬಳವನ್ನು ಮರೆಯುತ್ತಾರೆ. ಗಂಡ, ನಾನು ಇಬ್ಬರೂ ಕೂತು ಮೂರು ವರ್ಷ ಒಂದೇ ಸಂಬಳದಲ್ಲಿ ಮನೆ ನಡೆಯುತ್ತದಾ ಅಂತ ನೋಡಲು, ಸೇರುವ ಮುಂಚಿನ ಕೆಲವು ತಿಂಗಳು ನನ್ನ ಸಂಬಳವನ್ನು ಮುಟ್ಟದೆ ಬಾಳಿ ನೋಡಿದೆವು. ಕಷ್ಟ ಆಯಿತು, ನಡೆಯಿತು.

35 ದಾಟಿದವರು ಏನು ಮಾಡಬೇಕು ಅಂತ ಬಹಳ ಜನ ಕೇಳುತ್ತಾರೆ. ಇಲ್ಲಿ ಜಿಎನ್‌ಎಂ, ಬಿ.ಎಸ್ಸಿ. ಎರಡಕ್ಕೂ ಆ ಮಿತಿ ಇದೆ, ಮೊದಲೇ ಎಎನ್‌ಎಂ (ಸಹಾಯಕ ನರ್ಸ್-ಮಿಡ್‌ವೈಫ್) ಆಗಿದ್ದವರಿಗೆ ಮಾತ್ರ ಜಿಎನ್‌ಎಂಗೆ ವಯಸ್ಸಿನ ತೊಡಕಿಲ್ಲ. ‘ಅಡ್ಜಸ್ಟ್ ಮಾಡ್ತೀವಿ’ ಅನ್ನುವ ಏಜೆಂಟರ ಮಾತು ಕೇಳಿ ದುಡ್ಡು ಕಟ್ಟಬೇಡಿ, ಕೊನೆಗೆ ನೋಂದಣಿಗೆ ಹೋದಾಗ ಸಿಕ್ಕಿಬೀಳುವವರು ನೀವು. ಆಸ್ಪತ್ರೆಯೊಳಗೆ ಕೆಲಸ ಮಾಡಬೇಕು ಅನ್ನುವುದೇ ಆಸೆಯಾದರೆ ಮೆಡಿಕಲ್ ಕೋಡಿಂಗ್, ಆಸ್ಪತ್ರೆ ಆಡಳಿತ, ರೋಗಿ ಆರೈಕೆ ಸಹಾಯಕರ ತರಬೇತಿ ಇವೆ. ನಿಮಗೆ ಮೂವತ್ನಾಲ್ಕು ನಡೆಯುತ್ತಿದ್ದು ಇನ್ನೂ ಯೋಚಿಸುತ್ತಿದ್ದರೆ, ಈ ವರ್ಷದ ಪ್ರವೇಶದ ಪ್ರಕಟಣೆ ಯಾವಾಗ ಬರುತ್ತದೆ ಅಂತ ಇವತ್ತೇ ವಿಚಾರಿಸಿ, ಪಿಯುಸಿ ಮಾರ್ಕ್ಸ್ ಕಾರ್ಡ್ ಎಲ್ಲಿದೆ ಅಂತಲೂ ಹುಡುಕಿಟ್ಟುಕೊಳ್ಳಿ. ಕಳೆದಿದ್ದರೆ ಡೂಪ್ಲಿಕೇಟ್ ಸಿಗುವುದಕ್ಕೂ ದಿನ ಹಿಡಿಯುತ್ತದೆ.