ಚಿಕ್ಕಮ್ಮನ ವಸಡಿಗೆ ಬೆಳಕೋ, ಮಾತ್ರೆಯೋ

ಲೇಸರ್ ಹಾಕಿಸಬೇಕೋ, ಮಾತ್ರೆ ಸಾಕೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಶುರುವಾದದ್ದು ಆಷಾಢದ ಮಳೆಯಲ್ಲಿ. ಮೇಗರವಳ್ಳಿ ಕಡೆಯ ನಮ್ಮ ಚಿಕ್ಕಮ್ಮನಿಗೆ ವಸಡು ಊದುವುದು ಹೊಸದೇನಲ್ಲ. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ರಕ್ತ, ಕೆಳದವಡೆಯ ಹಿಂದಿನ ಹಲ್ಲುಗಳು ಬೆರಳಿಟ್ಟರೆ ಅಲ್ಲಾಡುತ್ತಿದ್ದವು. ಊದಿದಾಗಲೆಲ್ಲ ಚಿಕ್ಕಪ್ಪ ತೀರ್ಥಹಳ್ಳಿಯ ಮೆಡಿಕಲ್ ಶಾಪಿನಿಂದ ಎರಡು ಬಗೆಯ ಮಾತ್ರೆ ತರುವುದು, ಎರಡು ದಿನ ನುಂಗಿ ನೋವು ಇಳಿದ ಕೂಡಲೇ ಮಿಕ್ಕಿದ್ದು ಡ್ರಾಯರ್ ಸೇರುವುದು. ವರ್ಷಗಳಿಂದ ಇದೇ ರೂಢಿ. ಈ ಸಲ ಬೆಂಗಳೂರಿನಿಂದ ಮಗ ಫೋನ್ ಮಾಡಿ, "ಅಮ್ಮ, ಈಗ ಬೆಳಕಿನ ಚಿಕಿತ್ಸೆ ಬಂದಿದೆಯಂತೆ. ಮಾತ್ರೆನೂ ಬೇಡ, ಆಪರೇಷನ್ನೂ ಬೇಡ" ಅಂದ. ಚಿಕ್ಕಮ್ಮ ನನಗೆ ಗಂಟುಬಿದ್ದಳು: "ನೀನೇ ಕರ್ಕೊಂಡು ಹೋಗು ಮಾರಾಯ್ತಿ."

ಶಿವಮೊಗ್ಗದ ವಸಡಿನ ಡಾಕ್ಟರಮ್ಮ ಮೊದಲು ಕೇಳಿದ್ದು ಮಾತ್ರೆಗಳನ್ನು. ಚಿಕ್ಕಮ್ಮ ಡ್ರಾಯರಿನಲ್ಲಿದ್ದುದನ್ನೆಲ್ಲ ಚೀಲದಲ್ಲೇ ತಂದಿದ್ದಳು. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್. ಎರಡೂ ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯೋಟಿಕ್‌ಗಳು. ಅರ್ಧರ್ಧ ಖಾಲಿಯಾದ ಸ್ಟ್ರಿಪ್‌ಗಳು. ಒಂದನ್ನು ತಿರುಗಿಸಿ ಅದರ ಬೆನ್ನಿನ ಮೇಲಿದ್ದ ಉದ್ದನೆಯ ಕೆಂಪು ಗೆರೆಯನ್ನು ಬೆರಳಲ್ಲಿ ತೋರಿಸಿದರು. ಡಾಕ್ಟರ ಚೀಟಿಯಿಲ್ಲದೆ ಇದನ್ನು ತಗೋಬೇಡಿ ಎಂದು ಎಚ್ಚರಿಸುವ ಗೆರೆ ಅದು. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅದಕ್ಕಾಗಿಯೇ ಪ್ರಚಾರವನ್ನೂ ಮಾಡಿತ್ತು. ನಮ್ಮ ಮನೆಯಲ್ಲಿ ಆ ಗೆರೆಯನ್ನು ನೋಡದವರಿಲ್ಲ, ಕೇಳಿ ತಿಳಿದುಕೊಂಡವರೂ ಇರಲಿಲ್ಲ.

ಆಮೇಲೆ ಅಳತೆ. ಮಿಲಿಮೀಟರ್ ಗುರುತಿರುವ ಸಪೂರ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತಾರೆ, ಒಂದೊಂದು ಹಲ್ಲಿಗೆ ಆರು ಕಡೆ. ಮೂರರ ತನಕ ಇದ್ದರೆ ಚಿಂತೆಯಿಲ್ಲ. ಡಾಕ್ಟರಮ್ಮ ಹೇಳುತ್ತ ಹೋದರು, ಸಹಾಯಕಿ ಬರೆಯುತ್ತ ಹೋದಳು: "ಮೂರು, ನಾಲ್ಕು, ಐದು... ಆರು, ರಕ್ತ." ಅಂಕಿ ಏರಿದಂತೆ ಚಿಕ್ಕಮ್ಮ ಕುರ್ಚಿಯ ಕೈಯನ್ನು ಬಿಗಿಹಿಡಿಯುತ್ತಿದ್ದಳು. ಎಕ್ಸ್‌ರೇಯಲ್ಲಿ ಮೂಳೆ ಕರಗಿದ್ದೂ ಕಂಡಿತು. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು.

ಲೇಸರಿನ ಮಾತು ತೆಗೆದೆ. "ಲೇಸರೂ ಆಮೇಲೆ ಬೇಕಿದ್ರೆ ಸೇರಿಸೋದು, ಮಾತ್ರೆನೂ ಅಷ್ಟೇ. ಮೊದಲು ಬೇರಿನ ತನಕ ಕ್ಲೀನ್ ಆಗಬೇಕು" ಅಂದರು. ಹಲ್ಲಿನ ಬೇರಿಗೆ ಬ್ಯಾಕ್ಟೀರಿಯಾಗಳು ಪದರ ಕಟ್ಟಿಕೊಂಡು ಕೂತಿರುತ್ತವೆ, ಆ ಪದರದೊಳಕ್ಕೆ ಔಷಧಿ ಸರಿಯಾಗಿ ಇಳಿಯುವುದಿಲ್ಲ, ಕೈಯಿಂದ ಕೆರೆದೇ ಒಡೆಯಬೇಕು ಎಂದು ವಿವರಿಸಿದರು. ಚಿಕ್ಕಮ್ಮನಿಗೆ ಥಟ್ಟನೆ ಹೊಳೆಯಿತು: "ಅಂಗಳದ ಪಾಚಿ ಥರ. ಕೆರೀದೆ ಬ್ಲೀಚಿಂಗ್ ಪುಡಿ ಎರಚಿದ್ರೆ ಮೇಲೆ ಮಾತ್ರ ಬೆಳ್ಳಗಾಗ್ತದೆ." ಡಾಕ್ಟರಮ್ಮ ಈ ಮಾತನ್ನು ಸಹಾಯಕಿಗೂ ಮತ್ತೊಮ್ಮೆ ಹೇಳಿದರು.

ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೆಲವು ಸಿಟ್ಟಿಂಗ್‌ಗಳಲ್ಲಿ ಬಾಯಿಯನ್ನೆಲ್ಲ ಬೇರಿನವರೆಗೆ ಕೆರೆದು ಶುಚಿ ಮಾಡಿದರು. ಹಲ್ಲುಸಂದಿಗೆ ಹಾಕುವ ಪುಟ್ಟ ಬ್ರಶ್ ಕೊಟ್ಟು ಕಲಿಸಿದರು. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆ. ಸಕ್ಕರೆ ಹತೋಟಿಗೆ ಬರದೆ ವಸಡು ಸುಧಾರಿಸದು, ವಸಡು ಕೆಟ್ಟಷ್ಟೂ ಸಕ್ಕರೆ ಹತೋಟಿಗೆ ಬರುವುದು ಕಷ್ಟ ಎಂದರು. ಕವಳದ, ಅಂದರೆ ಎಲೆಅಡಿಕೆಯ, ಮಾತು ಬಂದಾಗ ಚಿಕ್ಕಪ್ಪ ಕಿಟಕಿಯ ಕಡೆ ನೋಡುತ್ತ ಕೂತರು. ನಮ್ಮ ಮನೆ ನಡೆಯುವುದೇ ಅಡಿಕೆಯಿಂದ. ಆದರೆ ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪಟ್ಟಿಗೆ ಸೇರಿಸಿದೆ. ಬೆಳೆಗಾರರ ಮಗಳಾಗಿ ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯಬೇಕು. ಚಿಕ್ಕಮ್ಮ ತಂಬಾಕು ಬಿಟ್ಟಳು. ಕವಳ ಊಟದ ನಂತರಕ್ಕೆ ಮಾತ್ರ ಎಂದಾಯಿತು.

ದಸರಾ ಕಳೆದು ಮತ್ತೆ ಅಳೆದಾಗ ಹೆಚ್ಚಿನ ಐದುಗಳೆಲ್ಲ ಮೂರಕ್ಕೆ ಇಳಿದಿದ್ದವು. ಮಾತ್ರೆಯಿಲ್ಲದೆ, ಬೆಳಕಿಲ್ಲದೆ. ಹಿಂದಿನ ಎರಡು ದವಡೆಹಲ್ಲುಗಳ ಹತ್ತಿರ ಮಾತ್ರ ಆರು ಹಾಗೇ ಇತ್ತು. ವಸಡು ಬಿಡಿಸಿ ಶುಚಿ ಮಾಡುವ ಸರ್ಜರಿಯೇ ಅದಕ್ಕೆ ಸರಿಯಾದ ದಾರಿ, ಆದರೆ ಮೂರು ತಿಂಗಳ ಸಕ್ಕರೆ ಸರಾಸರಿ (ಎಚ್‌ಬಿಎ1ಸಿ) ಶೇಕಡಾ ಒಂಬತ್ತರ ಮೇಲಿತ್ತು, ಹಾಗಾಗಿ ಸರ್ಜರಿ ಸದ್ಯಕ್ಕೆ ಆಗುವಂತಿರಲಿಲ್ಲ. ನಮ್ಮ ಚರ್ಚೆಗೆ ನಿಜವಾದ ಅರ್ಥ ಬಂದದ್ದು ಈಗ.

ಚಿಕ್ಕಪ್ಪ ತರುತ್ತಿದ್ದ ಅದೇ ಎರಡು ಮಾತ್ರೆಗಳ ಜೋಡಿಯನ್ನು ಬೇರು ಶುಚಿಗೊಳಿಸುವುದರ ಜೊತೆ ಕೊಟ್ಟರೆ ಗುಣವಿದೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 1989ರಲ್ಲಿ ವರದಿ ಮಾಡಿದ್ದರು. ಸಾಮಾನ್ಯವಾಗಿ ದಿನಕ್ಕೆ ಮೂರು ಹೊತ್ತು, ಒಂದು ವಾರ. ಚಿಕ್ಕ ವಯಸ್ಸಿನಲ್ಲೇ ಬಾಯಿತುಂಬ ಮೂಳೆ ಕರಗುತ್ತಿರುವವರಿಗೆ ಡಾಕ್ಟರಮ್ಮ ಈಗಲೂ ಬರೆಯುತ್ತಾರಂತೆ. ಎರಡೇ ಹಲ್ಲಿಗಾಗಿ ಇಡೀ ಮೈಗೆ ಔಷಧಿ ಹರಿಸಲು ಅವರಿಗೆ ಮನಸ್ಸಿರಲಿಲ್ಲ. ಹೊಟ್ಟೆ ಕೆಡುವುದು, ಬಾಯಿ ಲೋಹದ ರುಚಿ ಹಿಡಿಯುವುದು ಹೇಗೋ ತಡೆಯಬಹುದು. ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾದರೆ ನಾಳೆ ನ್ಯುಮೋನಿಯಾ ಬಂದ ಮಗುವಿಗೂ ಅದು ನಾಟುವುದಿಲ್ಲ. ಯುರೋಪಿನ ವಸಡುತಜ್ಞರ ಒಕ್ಕೂಟ 2020ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇಂಥ ಮಾತ್ರೆಗಳನ್ನು ಎಲ್ಲರಿಗೂ ರೂಢಿಯಾಗಿ ಕೊಡಬೇಡಿ ಎನ್ನುತ್ತದೆ.

ಬೆಳಕಿನ ಚಿಕಿತ್ಸೆಗೂ ಅದೇ ಮಾರ್ಗಸೂಚಿ ಒಪ್ಪಿಗೆ ಕೊಟ್ಟಿಲ್ಲ. ಅದರ ಮೂಲ ಹಳೆಯದು. 1900ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್, ಆಕ್ರಿಡೀನ್ ಎಂಬ ಬಣ್ಣದಲ್ಲಿದ್ದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕು ಬಿದ್ದಾಗ ಸಾಯುವುದನ್ನು ಪ್ರಕಟಿಸಿದ. ವಸಡಿನಲ್ಲೂ ನಡೆಯುವುದು ಇದೇ: ಸಂದಿಗೆ ಬಣ್ಣ ಇಳಿಸಿ ಲೇಸರ್ ಬೆಳಕು ಬಿಡುತ್ತಾರೆ. ಬಣ್ಣ ಬೆಳಕನ್ನು ಹೀರಿ ಆಕ್ಸಿಜನ್ನನ್ನು ಉಗ್ರಗೊಳಿಸುತ್ತದೆ, ಅದು ಅಲ್ಲೇ ಪಕ್ಕದ ಬ್ಯಾಕ್ಟೀರಿಯಾವನ್ನು ಸುಡುತ್ತದೆ. ಪರಿಣಾಮ ಆ ಜಾಗಕ್ಕಷ್ಟೇ ಸೀಮಿತ. ಆದರೆ ಇದರಿಂದ ಹೆಚ್ಚುವರಿ ಲಾಭ ಎಷ್ಟು? ಅಲ್ಲಿಯತನಕದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲದ 2024ರ ವಿಮರ್ಶೆಗೆ ಭರವಸೆಯಿಡುವಷ್ಟು ಪುರಾವೆ ಸಿಗಲಿಲ್ಲ. ಡಾಕ್ಟರಮ್ಮ ಇದನ್ನೆಲ್ಲ ಮೊದಲೇ ಹೇಳಿದರು. "ಮತ್ತೊಮ್ಮೆ ಕೆರೀತೀನಿ. ಮೆಷಿನ್ ನನ್ನ ಹತ್ರ ಇದೆ, ಬೇಕಿದ್ರೆ ಮಾಡೋಣ. ಬೇಡ ಅಂದ್ರೂ ನಾನೇನೂ ಅಂದ್ಕೊಳ್ಳಲ್ಲ." ಬೆಳಕು ಕೈಕೊಟ್ಟರೆ ದುಡ್ಡು ಹೋಗುತ್ತದೆ, ಮಾತ್ರೆ ಕೈಕೊಟ್ಟರೆ ಊರಿಗೇ ಬೇಕಾದ ಔಷಧಿ ಸವೆಯುತ್ತದೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ದುಡ್ಡು ಹೋಗುವುದೂ ಸಣ್ಣ ಮಾತಲ್ಲ. ಆದರೂ ನಾನು ಬೆಳಕಿನ ಕಡೆ ನಿಂತೆ. ಚಿಕ್ಕಮ್ಮ ಹೂಂ ಅಂದಳು.

ಕೆರೆದಾದ ಮೇಲೆ ತುದಿ ಮೊಂಡಾದ ಸೂಜಿಯಿಂದ ಮಿಥಿಲೀನ್ ಬ್ಲೂ ದ್ರವವನ್ನು ವಸಡಿನ ಸಂದಿಗೆ ಇಳಿಸಿದರು. ಕೆಲವು ನಿಮಿಷ ಬಿಟ್ಟು ನೀರಿನಲ್ಲಿ ತೊಳೆದರು. ನಮ್ಮೆಲ್ಲರಿಗೂ ದಪ್ಪ ಕನ್ನಡಕ. ಕೂದಲಿಗಿಂತ ತುಸು ದಪ್ಪಗಿದ್ದ ಫೈಬರ್ ಒಳಗೆ ಹೋಯಿತು, ವಸಡು ಒಳಗಿನಿಂದಲೇ ಕೆಂಪಗೆ ಬೆಳಗಿತು. ನೋವಿಲ್ಲ, ಸದ್ದಿಲ್ಲ. ಮೇಲೆದ್ದ ಚಿಕ್ಕಮ್ಮನ ತುಟಿಯಂಚಿನಲ್ಲಿ ನೀಲಿ ಕಲೆ ಉಳಿದಿತ್ತು. ಬಸ್ಸು ಮಂಡಗದ್ದೆ ದಾಟುವ ತನಕ ಸೆರಗಿನಿಂದ ಒರೆಸುತ್ತಲೇ ಇದ್ದಳು.

ಅಡಿಕೆ ಸುಲಿತ ಮುಗಿಯುತ್ತ ಬಂದಾಗ ಮತ್ತೆ ಅಳತೆ. ಒಂದು ಹಲ್ಲಿನಲ್ಲಿ ಆರು ನಾಲ್ಕಾಗಿತ್ತು, ಇನ್ನೊಂದರಲ್ಲಿ ಆರು ಆರೇ. "ಲೇಸರ್ ಕೆಲಸ ಮಾಡ್ತು ನೋಡಿ" ಎಂದು ಫೋನಿನಲ್ಲಿ ಮಗ ಹಿಗ್ಗಿದ. ಡಾಕ್ಟರಮ್ಮ ತಲೆಯಾಡಿಸಲಿಲ್ಲ. "ಎರಡನೇ ಸಲ ಕೆರೆದಿದೀನಿ, ಅಮ್ಮ ಬ್ರಶ್ ಬಿಟ್ಟಿಲ್ಲ, ಸಕ್ಕರೆ ಎಂಟಕ್ಕೆ ಇಳಿದಿದೆ. ಇದರಲ್ಲಿ ಬೆಳಕಿನ ಪಾಲು ಎಷ್ಟು ಅಂತ ಹೇಗೆ ಹೇಳಲಿ?" ತಮ್ಮದೇ ಮೆಷಿನ್ನಿನ ಬಗ್ಗೆ ಹೀಗೆ ಮಾತಾಡುವ ವೈದ್ಯರು ಸಿಕ್ಕಿದ್ದು ನಮ್ಮ ಪುಣ್ಯ.

ಉಳಿದ ಹಲ್ಲಿಗೆ ಶಿವರಾತ್ರಿಯ ನಂತರ ಸರ್ಜರಿ, ಅಷ್ಟರೊಳಗೆ ಸಕ್ಕರೆ ಏಳರ ಹತ್ತಿರ ಬಂದರೆ. ಆಗ ಮಾತ್ರೆ ಬೇಕಾಗುತ್ತದಾ ಎಂದು ಚಿಕ್ಕಪ್ಪ ಕೇಳಿದರು. "ಬೇಕಾದ್ರೆ ನಾನು ಬರೀತೀನಿ, ಬರೆದಷ್ಟೂ ದಿನ ನುಂಗಬೇಕು" ಎಂದು ಡಾಕ್ಟರಮ್ಮ ಅವರ ಕೈಗೇ ಚೀಟಿ ಕೊಟ್ಟರು. ಅದರಲ್ಲಿದ್ದದ್ದು ಸಂದಿ ಬ್ರಶ್ಶಿನ ಸೈಜು ಮತ್ತು ಸಕ್ಕರೆ ಪರೀಕ್ಷೆಯ ತಾರೀಖು.