ಕೊಂದವನನ್ನೇ ಕಟ್ಟಿಕೊಳ್ಳೋದಾ?

ಪ್ರಶ್ನೆ ಇಷ್ಟೇ: "ಮನೆಯವರನ್ನ ಕೊಂದವನನ್ನೇ ಪ್ರೀತಿಸೋ ಆ ಚೀನಾ ಸೀರಿಯಲ್‌ಗಳನ್ನ ಅದು ಹೇಗೆ ನೋಡ್ತೀಯ?" ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಕೇಳಿದ್ದಾರೆ. ಬಸ್ಸಿನಲ್ಲಿ ಹೆಗಲ ಮೇಲಿಂದ ನನ್ನ ಫೋನಿಗೆ ಇಣುಕಿದವರೂ ಕೇಳಿದ್ದಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಈ ಲಿಂಕ್ ಕಳಿಸಿ ನನ್ನ ಪಾಡಿಗೆ ಅನ್ನ ಕಲಸಿಕೊಳ್ಳುತ್ತೇನೆ.

ಮೊದಲಿಗೆ, ಆ "ಸೀರಿಯಲ್" ಅನ್ನೋ ರಾಗ ಬಿಡಿ. ನಲವತ್ತು ಕಂತು ದಾಟಬೇಡಿ ಅಂತ ಚೀನಾದ ಪ್ರಸಾರ ಇಲಾಖೆಯೇ 2020ರಲ್ಲಿ ಸೂಚನೆ ಕೊಟ್ಟಿತ್ತು. ನಲವತ್ತು ಕಂತಿನಲ್ಲಿ ನಮ್ಮ ಸೀರಿಯಲ್ಲಿನ ಸೊಸೆ ಅಡುಗೆಮನೆಯಿಂದ ಹಾಲ್‌ಗೂ ಬಂದಿರುವುದಿಲ್ಲ.

ಎರಡನೆಯದು ಇನ್ನೂ ಸಿಟ್ಟು ಬರಿಸುವಂಥದ್ದು: "ಓ, ನಮ್ಮ ಸಿನಿಮಾ ಥರಾನೇ ಬಿಡು, ಮೊದಲು ಕಿತ್ತಾಟ, ಆಮೇಲೆ ಡ್ಯುಯೆಟ್." ಅಲ್ಲ ಸ್ವಾಮಿ. ಕಾಲೇಜು ಗೇಟಿನಲ್ಲಿ ಹುಡುಗಿಯ ದಾರಿಗೆ ಅಡ್ಡ ನಿಲ್ಲುವುದು ವೈರ ಅಲ್ಲ, ಪೋಲಿತನ. ಕಿತ್ತಾಡುವ ಪ್ರೇಮಿಗಳ ಕಥೆ ಚೀನೀಯರಲ್ಲೂ ಬೇಕಾದಷ್ಟಿದೆ, ಅಂಥ ಜೋಡಿಗೆ "ಹ್ವಾನ್‌ಶಿ ಯ್ವಾನ್‌ಜ್ಯಾ" ಅನ್ನುತ್ತಾರೆ, ಖುಷಿಯ ವೈರಿಗಳು. ಈ "ಯ್ವಾನ್‌ಜ್ಯಾ" ಪದಕ್ಕೆ ಶತ್ರು ಅನ್ನೋ ಅರ್ಥವೂ ಇದೆ, ನಲ್ಲ ಅನ್ನೋ ಅರ್ಥವೂ ಇದೆ. "ಹಾಳಾದೋನು ಇನ್ನೂ ಊಟಕ್ಕೆ ಬಂದಿಲ್ಲ" ಅಂತ ನಮ್ಮಜ್ಜಿ ತಾತನ ದಾರಿ ಕಾಯುತ್ತಿದ್ದಳಲ್ಲ, ಹಾಗೆ.

ನಾನು ನೋಡುವುದು ಅದಲ್ಲದ ಇನ್ನೊಂದು ಬಗೆ. ಅಪ್ಪನನ್ನು ಕೊಂದವನ ಜೊತೆ ಒಂದೇ ಆಕಾಶದ ಕೆಳಗೆ ಬದುಕಬಾರದು ಅಂತ ಅವರ ಹಳೆಯ ಆಚಾರಗ್ರಂಥ "ಲೀಜಿ"ಯಲ್ಲೇ ಇದೆ. ಕಥೆ ಕಟ್ಟುವವರು ಮಾಡುವ ಕಿತಾಪತಿ ಏನೆಂದರೆ, ಒಂದೇ ಆಕಾಶದ ಕೆಳಗೆ ಇರಬಾರದವರನ್ನು ತಂದು ಒಂದೇ ಸೂರಿನ ಕೆಳಗೆ ಹಾಕುವುದು. ಅದಕ್ಕೆ ಬೇಕಾದದ್ದು ಒಂದು ರಾಜಾಜ್ಞೆ, ಅಷ್ಟೆ. ಅರಮನೆಯ ಸೇವಕ ಹಳದಿ ರೇಷ್ಮೆಯ ಸುರುಳಿ ಬಿಚ್ಚಿ ಇಂಥವಳಿಗೆ ಇಂಥವನು ಅಂತ ಓದುತ್ತಾನೆ, ಮನೆಮಂದಿಯೆಲ್ಲ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿ ಸ್ವೀಕರಿಸುತ್ತಾರೆ. ಒಲ್ಲೆ ಅಂದರೆ ರಾಜದ್ರೋಹ, ತಲೆ ಹೋಗುವುದು ಒಬ್ಬರದ್ದಲ್ಲ, ಇಡೀ ಮನೆಯದ್ದು. ಇಂಥಲ್ಲಿ "ಅವಳು ಅವನನ್ನ ಯಾಕೆ ಬಿಟ್ಟು ಹೋಗಲ್ಲ" ಅಂತ ಕೇಳುವವರಿಗೆ ಏನು ಹೇಳುವುದು? ಎಲ್ಲಿಗೆ ಹೋಗ್ತಾಳೆ, ಮೆಜೆಸ್ಟಿಕ್‌ಗಾ?

ಹಾಗಂತ ಎಲ್ಲವೂ ಚಿನ್ನ ಅಂತ ನಾನು ವಾದಿಸಲ್ಲ. ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಹೋದವನು ಮುಂದಿನ ಕಂತಿನಲ್ಲಿ ಒಂದು ಬಟ್ಟಲು ಕಷಾಯ ಕುಡಿಸಿ ಶುದ್ಧನಾಗಿಬಿಡುವ ಕಥೆಗಳೂ ಇವೆ. ಅವನ ಬಾಲ್ಯ ಬಹಳ ಕಷ್ಟದ್ದಂತೆ. ಅವನ್ನೂ ನೋಡಿದ್ದೇನೆ, ಆದರೆ ಯಾರಿಗೂ ಹೇಳುವುದಿಲ್ಲ.

ಹೋದ ಅವರೆಕಾಯಿ ಕಾಲದಲ್ಲಿ ಹಾಸನದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೆ. ನೆನೆಹಾಕಿದ ಕಾಳು ಹಿತುಕುತ್ತಾ ನಾಲ್ಕೈದು ಜನ ಕೂತಿದ್ದೆವು. ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಚಿಕ್ಕಮ್ಮ ಅದೇ ಪ್ರಶ್ನೆ ಎತ್ತಿದರು, ಜೊತೆಗೆ "ಮದುವೆ ಮಾಡ್ಕೊಂಡಿದ್ರೆ ಇವೆಲ್ಲ ನೋಡೋಕೆ ಟೈಮೇ ಇರ್ತಿರ್ಲಿಲ್ಲ" ಅಂತ ಉಪ್ಪು ಖಾರ ಬೇರೆ. ನಾನು ಸಿಟ್ಟಿಗೆ 2019ರ "ದೊಂಗ್ ಗೊಂಗ್" ಕಥೆ ಶುರು ಮಾಡಿದೆ. "ಗುಡ್‌ಬೈ ಮೈ ಪ್ರಿನ್ಸೆಸ್" ಅಂತ ಹುಡುಕಿದರೆ ನಿಮಗೆ ಸಿಗುತ್ತದೆ. ಮರುಭೂಮಿಯ ಕಡೆಯ ರಾಜಕುಮಾರಿ ಶಿಯಾವ್‌ಫಂಗ್. ಬಿಳಿಗಣ್ಣಿನ ತೋಳರಾಜನನ್ನು ಕೊಂದು ತಂದವನಿಗೇ ಅವಳನ್ನು ಕೊಡುತ್ತೇನೆ ಅಂತ ತಾಯಿಯ ಅಪ್ಪನ ಪಣ. ತೋಳವನ್ನು ಕೊಂದು ತರುವವನು ಟೀ ವ್ಯಾಪಾರಿ, ಅಂದರೆ ಹಾಗೆ ವೇಷ ಹಾಕಿಕೊಂಡು ಬಂದ ಶತ್ರುರಾಜ್ಯದ ಐದನೇ ರಾಜಕುಮಾರ. ಚೀನೀ ಮಾತಿನಲ್ಲಿ "ಬಿಳಿಗಣ್ಣಿನ ತೋಳ" ಅಂದರೆ ಉಂಡ ಮನೆಗೆ ಎರಡು ಬಗೆಯುವವನು. ಕಥೆ ಶುರುವಿನಲ್ಲೇ ಗುಟ್ಟು ಬಿಟ್ಟುಕೊಟ್ಟಿದೆ, ನಮಗೆ ಹೊಳೆಯುವುದಿಲ್ಲ ಅಷ್ಟೆ. ಮದುವೆಯ ದಿನವೇ ಅವನ ಸೈನ್ಯ ಬಂದು ತಾತನ ಕುಲವನ್ನು ಮುಗಿಸುತ್ತದೆ. ಅವಳು ಮರೆವಿನ ಹೊಳೆಗೆ ಹಾರುತ್ತಾಳೆ, ಹಿಂದೆಯೇ ಅವನೂ. ಇಬ್ಬರಿಗೂ ಎಲ್ಲ ಮರೆತುಹೋಗುತ್ತದೆ. ಆಮೇಲೆ ಎರಡು ರಾಜ್ಯಗಳ ಸಂಧಾನಕ್ಕೆಂದು ಅವಳನ್ನು ತಂದು ಕೊಡುವುದು ಅದೇ ಅವನಿಗೆ.

ಚಿಕ್ಕಮ್ಮ "ಥೂ" ಅಂದರು. ದೊಡ್ಡಮ್ಮ ಕೈಯಲ್ಲಿದ್ದ ಕಾಳು ಹಾಗೇ ಹಿಡಿದುಕೊಂಡು ಕೇಳಿದಳು: "ಲೇ ಪುಟ್ಟಿ, ಅವಳಿಗೆ ಜ್ಞಾಪಕ ಬಂದ ಮೇಲೆ ಅದೇ ಮನೇಲಿ ಹೇಗಿದ್ಲು?"

ಇಷ್ಟು ವರ್ಷದಲ್ಲಿ ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿದ್ದದ್ದು ಈ ಪ್ರಶ್ನೆಯನ್ನು. ಹೇಗೆ ಪ್ರೀತಿಸಿದಳು ಅನ್ನುವುದರಲ್ಲೇನಿದೆ, ಗೊತ್ತಿಲ್ಲದೆ ಪ್ರೀತಿಸಿದಳು. ಗೊತ್ತಾದ ಮೇಲಿನ ದಿನಗಳಿಗಾಗಿಯೇ ನಾನು ನಿದ್ದೆಗೆಡುವುದು: ಅದೇ ಊಟ, ಅದೇ ಹಾಸಿಗೆ, ಪಕ್ಕದಲ್ಲಿ ಅದೇ ಮುಖ. 2023ರಲ್ಲಿ ಬಂದ "ಸ್ಟೋರಿ ಆಫ್ ಕುನ್‌ನಿಂಗ್ ಪ್ಯಾಲೇಸ್" ಇದನ್ನೇ ತಿರುವಿಹಾಕುತ್ತದೆ. ಹೋದ ಜನ್ಮದಲ್ಲಿ ತನ್ನನ್ನು ಸಾವಿಗೆ ದೂಡಿದವನು ಯಾರೆಂದು ನಾಯಕಿಗೆ ಮೊದಲೇ ಗೊತ್ತು, ಅವನಿಗೆ ಗೊತ್ತಿಲ್ಲ. ಅವನೇ ಈ ಜನ್ಮದಲ್ಲಿ ಅವಳಿಗೆ ತಂತಿವಾದ್ಯ ಕಲಿಸುವ ಗುರು. ತಂತಿಯ ಮೇಲೆ ಅವಳ ಬೆರಳು ನಡುಗುತ್ತದೆ, ಶಿಷ್ಯೆ ಮನೆಯಲ್ಲಿ ಅಭ್ಯಾಸ ಮಾಡಿಲ್ಲ ಅಂದುಕೊಂಡು ಅವನು ಗದರುತ್ತಾನೆ. ಆ ನಡುಕ ನೋಡುವುದಕ್ಕೇ ನಾನು ಆ ಪಾಠದ ದೃಶ್ಯಗಳನ್ನು ಎರಡೆರಡು ಸಲ ಹಾಕಿಕೊಂಡಿದ್ದೇನೆ.

ದೊಡ್ಡಮ್ಮನಿಗೆ ಉತ್ತರ ಹೇಳಲಿಲ್ಲ, ನೋಡು ಅಂದೆ. ರಾತ್ರಿ ಊಟವಾದ ಮೇಲೆ ಫೋನನ್ನು ಚೊಂಬಿಗೆ ಒರಗಿಸಿ, ಸಬ್‌ಟೈಟಲ್ಲನ್ನು ನಾನು ಕನ್ನಡದಲ್ಲಿ ಓದಿ ಹೇಳುತ್ತಾ, ದಿನಕ್ಕೆ ಎರಡು ಮೂರು ಕಂತು. "ಆ ಟೀ ಪುಡಿಯವನು ಸರಿ ಇಲ್ಲ ಕಣೇ" ಅಂತ ಅವಳಿಗೆ ಮೊದಲ ರಾತ್ರಿಯೇ ಗುಮಾನಿ. ಚಿಕ್ಕಮ್ಮ ನಿದ್ದೆ ಬಂದವರ ಹಾಗೆ ಮಗ್ಗುಲಾಗಿ ಪೂರ್ತಿ ಕೇಳಿಸಿಕೊಂಡರು. ಹೊಳೆಗೆ ಹಾರಿ, ಮರೆತು, ಅರಮನೆಗೆ ಬಂದು, ಗಂಡ ಹೆಂಡತಿ ಸಣ್ಣಪುಟ್ಟದ್ದಕ್ಕೆ ಕಿತ್ತಾಡುತ್ತಾ ಒಂದಿಷ್ಟು ನಗುವ ದಿನ ಬಂತು. ಮುಂದಿನ ಕಂತು ಹಾಕಲು ಹೋದೆ. ದೊಡ್ಡಮ್ಮ ಫೋನನ್ನು ಬೋರಲು ಹಾಕಿದಳು.

"ಇಲ್ಲಿಗೇ ಸಾಕು. ಇಬ್ಬರಿಗೂ ಜ್ಞಾಪಕ ಬರೋದು ಬೇಡ."

ಇನ್ನೂ ಅರ್ಧಕ್ಕರ್ಧ ಕಂತು ಬಾಕಿ ಇದೆ. ಸಂಕ್ರಾಂತಿಗೆ ಹೋದಾಗ ಕೇಳಿದೆ, ಒಪ್ಪಲಿಲ್ಲ.